ಅಪ್‌ಡೇಟ್: ಮಿಷನ್ ಸೇವೆಯಿಂದ ಮರಳಿದ ಮೇಲೆ ಬಂದ ಜ್ವರ

ವಿದೇಶದ ವೈದ್ಯಕೀಯ ಮಿಷನ್ ಸೇವೆ ಮುಗಿಸಿ ಬಂದ ಮೇಲೆ ಜ್ವರ ಕಾಡುತ್ತಿದೆ, ಪ್ರಯಾಣದ ದಣಿವೆಂದು ಬಿಡಬಹುದೇ ಎಂದು ಕೇಳಿದ್ದೆ. ಇಂದೇ ರಕ್ತಪರೀಕ್ಷೆ ಮಾಡಿಸಿ ಎಂದು ಒತ್ತಾಯಿಸಿದವರಿಗೆ ನಾನು ಋಣಿ. ಫಾಲ್ಸಿಪಾರಮ್ ಎಂಬ, ಹೆಚ್ಚು ಅಪಾಯಕಾರಿ ಬಗೆಯ ಮಲೇರಿಯಾ ಇತ್ತು. ಈಗ ಗುಣವಾಗಿದೆ.

ತಪ್ಪು ನನ್ನದೇ. ಮಲೇರಿಯಾ ಬಾರದಂತೆ ತಡೆಯುವ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಮಲೇರಿಯಾ ಇರುವ ಪ್ರದೇಶ ಬಿಟ್ಟ ಬಳಿಕವೂ 4 ವಾರ ನುಂಗಬೇಕು. ಮನೆ ತಲುಪಿದೆನಲ್ಲ ಎಂದು ನಿಲ್ಲಿಸಿಬಿಟ್ಟಿದ್ದೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಅಲ್ಲಿ ಕ್ಷಯದ ಸೋಂಕು ತಗುಲಿದೆಯೇ ಎಂದು ನೋಡುವ ಪರೀಕ್ಷೆ ಇನ್ನೂ ಬಾಕಿಯಿದೆ; ಅದಕ್ಕೆ ಮರಳಿ ಬಂದ ಮೇಲೆ 8ರಿಂದ 10 ವಾರ ಕಳೆಯಬೇಕು.

ಭಾನುವಾರ ಆರಾಧನೆಯ ನಂತರ ಯಾರೋ “ಸೇವೆ ಹೇಗಿತ್ತು?” ಎಂದರು. ಉತ್ತರ ಹೊರಡಲಿಲ್ಲ, ಅತ್ತುಬಿಟ್ಟೆ. ಆಮ್ಲಜನಕ ಸಾಲದೆ ನಮ್ಮ ಕೈಯಲ್ಲೇ ತೀರಿಕೊಂಡ ಮಗುವಿನ ವಿಷಯವನ್ನು ಅಂದು ಸಂಜೆ ಪಾಸ್ಟರ್ ಅವರ ಬಳಿ ಮೊದಲ ಬಾರಿಗೆ ಹೇಳಿಕೊಂಡೆ. ಆ ರಾತ್ರಿ ನಿದ್ದೆ ಬಂತು.