‘ರೆಕಗ್ನಿಶನ್’: ಮಾನ್ಯತೆಯೋ ಮನ್ನಣೆಯೋ?

ಕೆನಡಾದ ಬಹುಸಂಸ್ಕೃತಿ ನೀತಿಯ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ತತ್ತ್ವಶಾಸ್ತ್ರಜ್ಞ ಚಾರ್ಲ್ಸ್ ಟೇಲರ್ ಬಳಸುವ ‘ರೆಕಗ್ನಿಶನ್’ ಎಂಬ ಮಾತಿಗೆ ಕನ್ನಡದಲ್ಲಿ ಮಾನ್ಯತೆ, ಮನ್ನಣೆ, ಗುರುತಿಸುವಿಕೆ ಎಂಬ ಮೂರೂ ಹೊಳೆಯುತ್ತವೆ. ಒಂದೂ ಪೂರ್ತಿ ಒಗ್ಗುತ್ತಿಲ್ಲ.

‘ಮಾನ್ಯತೆ’ಗೆ ಸರ್ಕಾರಿ ಮೊಹರಿನ ವಾಸನೆ ಇದೆ: ಮಾನ್ಯತೆ ಪಡೆದ ಶಾಲೆ, ಮಾನ್ಯತೆ ಕಳೆದುಕೊಂಡ ಪಕ್ಷ. ಕೆಲವೆಡೆ ಅದೇ ಬೇಕು. ತನ್ನದು ‘ವಿಶಿಷ್ಟ ಸಮಾಜ’ ಎಂದು ಸಂವಿಧಾನದಲ್ಲೇ ಬರೆಯಬೇಕೆಂಬ, ಫ್ರೆಂಚ್ ಭಾಷಿಕರೇ ಹೆಚ್ಚಿರುವ ಕ್ವಿಬೆಕ್ ಪ್ರಾಂತದ ಬೇಡಿಕೆಯನ್ನು 1987ರ ಮೀಚ್ ಲೇಕ್ ಒಪ್ಪಂದ ಒಪ್ಪಿಕೊಂಡಿತ್ತು. ಅದು ಮಾನ್ಯತೆಯೇ ಸರಿ. ಆದರೆ ಎಲ್ಲ ಪ್ರಾಂತಗಳ ಅನುಮೋದನೆ ಸಿಗದೆ 1990ರಲ್ಲಿ ಒಪ್ಪಂದ ಬಿದ್ದುಹೋದಾಗ ಅಲ್ಲಿನ ಫ್ರೆಂಚ್ ಭಾಷಿಕರನ್ನು ಚುಚ್ಚಿದ್ದು ಒಂದು ಕಲಮು ತಪ್ಪಿತೆಂಬುದಷ್ಟೇ ಅಲ್ಲ, ‘ನಮ್ಮನ್ನು ಲೆಕ್ಕಕ್ಕೇ ಇಟ್ಟಿಲ್ಲ’ ಎಂಬುದು. ಅದಕ್ಕೂ ಮೊದಲು, 1971ರಲ್ಲಿ ಪ್ರಧಾನಿ ಪಿಯರ್ ಟ್ರುಡೊ ಬಹುಸಂಸ್ಕೃತಿ ನೀತಿಯನ್ನು ಘೋಷಿಸಿದಾಗಲೂ ಕ್ವಿಬೆಕ್ ಹಿಗ್ಗಲಿಲ್ಲ. ದೇಶ ಕಟ್ಟಿದವರನ್ನು ಹತ್ತರಲ್ಲಿ ಹನ್ನೊಂದು ಮಾಡಿದರಲ್ಲ ಎಂಬ ಅಸಮಾಧಾನ ಅಲ್ಲಿತ್ತು. ಟೇಲರ್ 1992ರ ಪ್ರಬಂಧದಲ್ಲಿ ಹೇಳುವುದೂ ಇಂಥ ನೋವನ್ನೇ: ಸುತ್ತಲಿನವರು ನಮ್ಮನ್ನು ಹೀನವಾಗಿ ಕಂಡರೆ, ನಾವೂ ನಮ್ಮನ್ನು ಹಾಗೆಯೇ ಕಾಣತೊಡಗಬಹುದು. ಇದಕ್ಕೆ ಮಾನ್ಯತೆ ಎಂದರೆ ಕಡತದ ವ್ಯವಹಾರವಾಗಿಬಿಡುತ್ತದೆ.

ಹಾಗಾದರೆ ‘ಮನ್ನಣೆ’? ನನ್ನ ಒಲವು ಇತ್ತಲೇ. ತೊಡಕೆಂದರೆ ರಾಜಮನ್ನಣೆ, ವಿದ್ವತ್ಸಭೆಯ ಮನ್ನಣೆ ಎಲ್ಲವೂ ಮೇಲಿನವರು ಕೆಲವರಿಗೆ ಮಾತ್ರ ಕೊಡುವಂಥವು. ಶ್ರೇಣಿಯನ್ನು ನೆಚ್ಚಿದ ಹಳೆಯ ಗೌರವ ಬೇರೆ, ಎಲ್ಲರಿಗೂ ಸಮನಾದ ಘನತೆ ಬೇರೆ ಎಂದು ಟೇಲರ್ ವಿಂಗಡಿಸುತ್ತಾರೆ. ನಮ್ಮ ಮನ್ನಣೆ ಮೊದಲಿನದರ ಕಡೆಗೇ ವಾಲುತ್ತದೆ. ‘ಸಮಮನ್ನಣೆ’ ಎಂದರೆ ಸರಿಹೋದೀತೇ?

‘ಗುರುತಿಸುವಿಕೆ’ಯನ್ನು ಕೈಬಿಟ್ಟಿದ್ದೇನೆ. ಐಡೆಂಟಿಟಿಗೆ ‘ಗುರುತು’ ಎಂದು ಬರೆದ ಮೇಲೆ ಅದೇ ವಾಕ್ಯದಲ್ಲಿ ಇದೂ ಬಂದರೆ ಓದುಗನಿಗೆ ಗೋಜಲು.

ನಿಜವಾದ ಕಗ್ಗಂಟು ‘ಮಿಸ್‌ರೆಕಗ್ನಿಶನ್’, ಅಂದರೆ ಮೇಲೆ ಹೇಳಿದಂತೆ ಹೀನವಾಗಿ ಕಾಣುವುದು. ‘ತಪ್ಪಾಗಿ ಗುರುತಿಸುವುದು’ ಎಂದರೆ ಪೊಲೀಸರು ಬೇರೊಬ್ಬನನ್ನು ಹಿಡಿದಂತಾಗುತ್ತದೆ. ‘ಅಮಾನ್ಯ’ ಎಂದರೆ ತಿರಸ್ಕೃತ ಮತಪತ್ರ. ‘ಅವಮಾನ’ ಹತ್ತಿರದ್ದು, ಆದರೆ ಅದು ಎದುರಿಗೇ ಆಗುವಂಥದ್ದು. ಇದು ತಲೆಮಾರುಗಳಿಂದ ಸದ್ದಿಲ್ಲದೆ ನಡೆಯುವ ಕಡೆಗಣನೆಯೂ ಆಗಿರಬಹುದು.

ತುಳುವನ್ನು ಸಂವಿಧಾನದ ಎಂಟನೆಯ ಪರಿಚ್ಛೇದಕ್ಕೆ ಸೇರಿಸಬೇಕೆಂಬ ಬೇಡಿಕೆಯ ಸುದ್ದಿಗಳಲ್ಲಿ ‘ಮಾನ್ಯತೆ’, ‘ಸ್ಥಾನಮಾನ’ಗಳನ್ನು ಕಾಣುತ್ತೇವೆ. ಆ ಬೇಡಿಕೆಯ ಹಿಂದಿನ ಭಾವಕ್ಕೆ ತುಳುವರು ಮನೆಮಾತಿನಲ್ಲಿ ಏನೆನ್ನುತ್ತಾರೆ? ಬಲ್ಲವರು ತಿಳಿಸಿದರೆ ಉಪಕಾರವಾದೀತು.