ದೂರದ ಟ್ರಿಪ್ ಡ್ರೈವರ್‌ಗಳಿಗೆ ವಾರದ ಸೂಟಿ ಕೂಡಿಸಿ ಕೊಡಬಹುದಾ?

ತಾರಿಹಾಳ ಲಾರಿ ಕೇಳಿದ್ದು:

ಹುಬ್ಬಳ್ಳಿಯಿಂದ ದೆಹಲಿ, ಅಹಮದಾಬಾದ್, ಚೆನ್ನೈಗೆ ಓಡೋ 12 ಲಾರಿ, 12 ಡ್ರೈವರ್, 12 ಕ್ಲೀನರ್. ಇಲ್ಲೀತನಕ ಸೂಟಿಗೆ ಬರದಿಟ್ಟ ನಿಯಮ ಇಲ್ಲ. ಬೇಕಾದವರು ಫೋನ್ ಮಾಡಿ ಕೇಳ್ತಾರ, ಬದಲಿ ಸಿಕ್ಕರ ಕೊಡ್ತೀವಿ. ಈಗ ಬರವಣಿಗೆಯಲ್ಲಿ ಮಾಡಬೇಕು. ಡ್ರೈವರ್‌ಗಳು ಕೇಳೋದು: ವಾರದ ಸೂಟಿ ದಾರಿ ಮ್ಯಾಲೆ ಬ್ಯಾಡ, ಎರಡು ತಿಂಗಳು ಸತತ ಓಡ್ತೀವಿ, ಕೂಡಿಸಿ 8 ದಿನ ಊರಿಗೆ ಬಿಡ್ರಿ. ಇದು ನಡೀತದಾ? ಬದಲಿ ಡ್ರೈವರ್ ಎಷ್ಟು ಮಂದಿ ಬೇಕು? ಸೂಟಿ ದಿನದ ಪಗಾರಕ್ಕ ಟ್ರಿಪ್ ದುಡ್ಡೂ ಸೇರಿಸಬೇಕಾ?

ಹಾಜರಿ ಪುಸ್ತಕ:

ವಾರದ ಸೂಟಿ ಎರಡು ತಿಂಗಳು ಕೂಡಿಸಿಡೋಕೆ ಬರೋದಿಲ್ಲರೀ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೂ ಬರ್ತಿರಲಿಲ್ಲ. ಅದರ ಜಾಗದಲ್ಲಿ 2025ರ ನವೆಂಬರ್ 21ರಿಂದ ಜಾರಿಗೆ ಬಂದ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲೂ ಬರೋದಿಲ್ಲ. ಹಳೇ ಕಾಯ್ದೆ 5 ಮಂದಿ ಇದ್ದರೆ ಅನ್ವಯಿಸುತ್ತಿತ್ತು, ಹೊಸದು 10 ಮಂದಿಗೆ. ನಿಮ್ಮಲ್ಲಿ 24 ಮಂದಿ, ಎರಡರಲ್ಲೂ ಸಿಗುತ್ತೀರಿ.

ಸಾರಿಗೆ ನಿಲ್ಲಬಾರದು ಅನ್ನೋ ಕಾರಣಕ್ಕೆ ಸೂಟಿಯ ದಿನ ಕೆಲಸ ಹೇಳಬಹುದು, ಆದರೆ ಸತತ 10 ದಿನ ಮೀರಬಾರದು. ತಪ್ಪಿದ ಸೂಟಿಯನ್ನು ಅದೇ ತಿಂಗಳು ಇಲ್ಲವೇ ಮುಂದಿನ ಎರಡು ತಿಂಗಳೊಳಗೆ ಕೊಡಬೇಕು ಅನ್ನೋದು ಬೇರೆ ಮಾತು. ಮಾಲೀಕರು ಎಡವೋದು ಇಲ್ಲೇ. ಎರಡನೇದನ್ನಷ್ಟೇ ಓದಿ, ಎರಡು ತಿಂಗಳು ಕೂಡಿಸಿಡಬಹುದು ಅಂದುಕೊಳ್ಳುತ್ತಾರೆ.

ದೆಹಲಿ ಟ್ರಿಪ್ ಹಿಡಿದು ನೋಡಿ. ಒಂದು ಕಡೆಗೆ ಸುಮಾರು 1,900 ಕಿ.ಮೀ. ಲೋಡ್ ಇರೋ ಲಾರಿ ತಾಸಿಗೆ 40ರಂತೆ 8 ತಾಸಿಗೆ 320 ಕಿ.ಮೀ., ಆರು ದಿನದ ದಾರಿ. ಏಳನೇ ದಿನ ಅಲ್ಲೇ ಸೂಟಿ, ಆರು ದಿನ ವಾಪಸ್, 14ನೇ ದಿನ ಊರಲ್ಲಿ ಸೂಟಿ. ಇದು ಸರಿಯಾಗಿ ಕೂರುತ್ತದೆ. 14ನೇ ದಿನದ ಸೂಟಿ ಮುಂದೂಡಿ ಅವತ್ತು ಲೋಡಿಂಗ್ ಇಟ್ಟು, 15ರಿಂದ 20ರವರೆಗೆ ಮತ್ತೆ ಓಡಿಸಿದರೆ 8ರಿಂದ 20, ಸತತ 13 ದಿನ ಆಯಿತು. ಅಲ್ಲಿಗೆ ಗೆರೆ ದಾಟಿತು.

ಕೂಡಿಸಿಡಲು ಬರೋದು ವಾರ್ಷಿಕ ರಜೆ. ವರ್ಷದಲ್ಲಿ 180 ದಿನ ದುಡಿದವರಿಗೆ (ಮೊದಲು 240 ಇತ್ತು) 20 ದಿನಕ್ಕೊಂದು. ಮುಂದಿನ ವರ್ಷಕ್ಕೆ 30 ದಿನದವರೆಗೆ ಒಯ್ಯಬಹುದು. ಕೇಳಿದಾಗ ನೀವೇ ಕೊಡದಿದ್ದರೆ ಆ ರಜೆಗೆ ಮಿತಿಯೂ ಇಲ್ಲ. ಊರಿನ 14ನೇ ದಿನಕ್ಕೆ ಇದನ್ನು ಜೋಡಿಸಿ. ಡ್ರೈವರ್‌ಗಳು ಕೇಳುವ ಉದ್ದದ ಸೂಟಿ ಹೀಗೆ ಸಿಗುತ್ತದೆ.

ಬದಲಿ ಲೆಕ್ಕ: 365ರಲ್ಲಿ ವಾರದ ಸೂಟಿ 52, ವಾರ್ಷಿಕ 14, ಹಬ್ಬ ಮತ್ತು ರಾಷ್ಟ್ರೀಯ ರಜೆ 10, ಜ್ವರ-ನೆಗಡಿಗೆ 8 ತೆಗೆಯಿರಿ. ಉಳಿದದ್ದು 281. ಲಾರಿ ವರ್ಷಕ್ಕೆ 320 ದಿನ ಓಡಬೇಕೆಂದರೆ 12 ಲಾರಿಗೆ 3,840 ಡ್ರೈವರ್-ದಿನ. 281ರಿಂದ ಭಾಗಿಸಿದರೆ 13.7. ಅಂದರೆ 14 ಡ್ರೈವರ್. 12 ಮಂದಿಯಲ್ಲೇ ನಡೆಸಿದರೆ ನಿಮ್ಮ ನಿಯಮ ಕಾಗದದ ಮೇಲೇ ಉಳಿಯುತ್ತದೆ.

ಪಗಾರ: ಉದಾಹರಣೆಗೆ ತಿಂಗಳಿಗೆ 18,000, ಟ್ರಿಪ್ ದುಡ್ಡು 9,000 ಅನ್ನಿ. 26 ದಿನಕ್ಕೆ ಹಂಚಿದರೆ ದಿನಕ್ಕೆ 1,038. ಬರೀ ಪಗಾರದ ಮೇಲೆ ಹಿಡಿದರೆ 692. ದಿನಕ್ಕೆ 346 ಕಳೆದುಕೊಂಡು ಯಾರೂ ಸೂಟಿ ಕೇಳೋದಿಲ್ಲ, ನಿದ್ದೆಗೆಟ್ಟೇ ಓಡಿಸುತ್ತಾರೆ. ಊಟ-ವಸತಿ ಖರ್ಚು ಬಿಟ್ಟು, ಹಿಂದಿನ ಮೂರು ತಿಂಗಳ ಟ್ರಿಪ್ ದುಡ್ಡಿನ ಸರಾಸರಿ ಸೇರಿಸಿ ಕೊಡಿ.

ಹತ್ತುಗಾಲಿ:

ಮ್ಯಾಲಿನ ಲೆಕ್ಕ ಬರೋಬ್ಬರಿ ಐತಿ. ಆದ್ರ "ದೆಹಲಿಯೊಳಗ ಏಳನೇ ದಿನ ಸೂಟಿ" ಅನ್ನೂದನ್ನ ಬಿಡಿಸಿ ಬರೀರಿ. ಅಲ್ಲಿ ಊರೊಳಗ ಭಾರಿ ಲಾರಿ ಹಗಲು ಬಿಡೂದಿಲ್ಲ, ರಾತ್ರಿನ ಒಳಗ ಹೋಗಬೇಕು. ಡ್ರೈವರ್ ಹಗಲು ಬಿಸಿಲಾಗ ಕ್ಯಾಬಿನ್‌ನ್ಯಾಗ ಮಲಗ್ತಾನ, ರಾತ್ರಿ ಗೋಡೌನ್ ಮುಂದ ಸರದಿಯೊಳಗ ಗಾಡಿ ಒಂದೊಂದ ಮಾರು ಮುಂದ ತಗೋತಾನ. ಹಾಜರಿಯೊಳಗ ಸೂಟಿ ಅಂತ ಬೀಳತೈತಿ, ಖರೇ ಅಂದ್ರ ಅದು ಡ್ಯೂಟಿ. ರಿಟರ್ನ್ ಲೋಡಿಗೆ ಕಾಯೂದೂ ಹಂಗ. ಗಾಡಿ, ಮಾಲು ಕಾಯೂ ಜವಾಬ್ದಾರಿ ಅವನ ಮ್ಯಾಲಿದ್ದಷ್ಟು ಹೊತ್ತು ಸೂಟಿ ಅನಬ್ಯಾಡ್ರಿ. ಅನ್‌ಲೋಡ್ ಮುಗದ ಮ್ಯಾಲೆ, ಪಾರ್ಕಿಂಗ್ ಒಳಗ ಗಾಡಿ ಹಚ್ಚಿ, ಪೂರಾ 24 ತಾಸು ಫೋನ್ ಮಾಡದಂಗ ಬಿಟ್ರ ಮಾತ್ರ ಬರೀರಿ.

ಇನ್ನೊಂದು, ಊರಿಂದ ಬಸ್‌ನ್ಯಾಗ ಬಂದ ದಿನಾನ ರಾತ್ರಿ ಗಾಡಿ ಬಿಡಿಸಬ್ಯಾಡ್ರಿ. ಮನ್ಯಾಗ ರಾತ್ರಿ ನಿದ್ದಿಗೆ ಮೈ ಹೊಂದಿರತೈತಿ, ನಸುಕಿನ ಎರಡರಿಂದ ಐದರೊಳಗ ಕಣ್ಣು ಎಳೀತಾವ. ಮುಂಜಾನೆ ಬಿಡ್ರಿ.

ಬ್ಯಾಡಗಿ ಸುತ್ತು:

ಹಬ್ಬದ ಸೂಟಿಗೆ ಜಗಳ ಬರೋದು ಖಚಿತ. ಪಂಚಮಿ, ದೀಪಾವಳಿ, ಯುಗಾದಿ ಮೂರಕ್ಕೂ ಎಲ್ಲರೂ ಕೇಳ್ತಾರೆ. ವರ್ಷದ ಆರಂಭದಲ್ಲೇ ಮೂರು ಗುಂಪು ಮಾಡಿ ಆಫೀಸ್ ಗೋಡೆಗೆ ಹಚ್ಚಿ. ಈ ಸಲ ದೀಪಾವಳಿ ಸಿಕ್ಕ ಗುಂಪಿಗೆ ಮುಂದಿನ ಸಲ ಪಂಚಮಿ. ಆಯುಧಪೂಜೆಗೆ ಗಾಡಿ ಆದಷ್ಟು ಊರಲ್ಲೇ ಇರಲಿ, ತನ್ನ ಲಾರಿಗೆ ತಾನೇ ಪೂಜೆ ಮಾಡಬೇಕು ಅನ್ನೋದು ಡ್ರೈವರ್‌ಗೆ ಸಣ್ಣ ಮಾತಲ್ಲ. ಬ್ಯಾಡಗಿ ಮಾರ್ಕೆಟ್‌ಗೆ ಮೆಣಸಿನಕಾಯಿ ಜೋರಾಗಿ ಬರೋದು ಜನವರಿಯಿಂದ ಮಾರ್ಚ್, ಆಗ ಲೋಡ್ ಜಾಸ್ತಿ. ಉದ್ದದ ರಜೆಗಳನ್ನು ಮಳೆಗಾಲಕ್ಕೆ ಇಡೋಣ ಅಂತ ಮೊದಲೇ ಕೂತು ಮಾತಾಡಿ.

ಬದಲಿಯವನ ಕೈಗೆ ಗಾಡಿ ಕೊಡೋಕೆ ಅಂಜಿ ಸೂಟಿ ಬಿಡೋರೂ ಇದ್ದಾರೆ. ಟೈರ್ ಬದಲಾದರೆ, ಡೀಸೆಲ್ ಕಮ್ಮಿ ಆದರೆ ಹೆಸರು ತನಗೆ ಬರುತ್ತೆ ಅಂತ. ಒಪ್ಪಿಸೋವಾಗ ಒಂದು ಹಾಳೆ ಸಾಕು: ಕಿ.ಮೀ. ರೀಡಿಂಗ್, ಸ್ಟೆಪ್ನಿ ಸೇರಿ ಎಲ್ಲಾ ಟೈರ್ ನಂಬರ್, ಜಾಕ್, ತಾಡಪತ್ರಿ, ಹಗ್ಗ, ಕಾಗದಪತ್ರ. ಒಪ್ಪಿಸೋವಾಗಲೂ ವಾಪಸ್ ಪಡೆಯೋವಾಗಲೂ ಅದೇ ಪಂಪಿನಲ್ಲಿ ಟ್ಯಾಂಕ್ ಫುಲ್ ಮಾಡಿ. ಇಬ್ಬರ ಸಹಿ, ಮೊಬೈಲ್‌ನಲ್ಲಿ ಫೋಟೋ.

ತಾರಿಹಾಳ ಲಾರಿ:

ಬಹಳ ಉಪಕಾರ ಆತು. ಒಂದ ಅನುಮಾನ: ದಾರಿಯೊಳಗ ಒಂದು ದಿನ ನಿಂತರ, ಇಲ್ಲಾ ಡ್ರೈವರ್ ಬದಲಾದರ ಇ-ವೇ ಬಿಲ್‌ಗೆ (ಮಾಲು ಸಾಗಸಾಕ ಬೇಕಾದ ಜಿಎಸ್‌ಟಿ ಕಾಗದ) ತೊಂದರೆ ಐತೇನು?

ಹಾಜರಿ ಪುಸ್ತಕ:

ಇಲ್ಲ. 200 ಕಿ.ಮೀ.ಗೆ ಒಂದು ದಿನ ಅವಧಿ ಸಿಗುತ್ತದೆ, ದೆಹಲಿಗೆ 10 ದಿನ. ಆರು ದಿನ ಓಡಿ ಒಂದು ದಿನ ನಿಂತರೂ ಮೂರು ಉಳಿಯುತ್ತವೆ. ಮುಗಿಯೋ ಹಾಗಿದ್ದರೆ ಅವಧಿಗೆ 8 ತಾಸು ಮುಂಚಿನಿಂದ, ಮುಗಿದ 8 ತಾಸಿನೊಳಗೆ ವಿಸ್ತರಿಸಬಹುದು. ಬಿಲ್‌ನಲ್ಲಿ ಇರೋದು ಲಾರಿ ನಂಬರ್, ಡ್ರೈವರ್ ಹೆಸರಲ್ಲ. ಅದೇ ಲಾರಿ ಮುಂದುವರಿದರೆ ಏನೂ ತಿದ್ದಬೇಕಿಲ್ಲ.