ದೇವರಿಗೆ ಮೊದಲೇ ಗೊತ್ತಿದ್ದರೆ ನಾನು ಜಪ ಮಾಡುವುದೇಕೆ? – ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಹೊಸನಗರ ತಾಲ್ಲೂಕಿನ ಕಥೋಲಿಕ ಸಹೋದರಿಯೊಬ್ಬರು ತಮ್ಮ ಅಳಲು ತೋಡಿಕೊಂಡಿದ್ದರು. ಅವರ ತಮ್ಮ ಕುಡಿತಕ್ಕೆ ಬಿದ್ದಿದ್ದಾನೆ. ಬುದ್ಧಿ ಹೇಳಹೋದರೆ ಬೈಬಲ್ ತೆಗೆದು, ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿಟ್ಟ ಸಾಲು ತೋರಿಸುತ್ತಾನೆ, ಅವಳಿ ಸೋದರರಿಬ್ಬರ ಬಗ್ಗೆ ದೇವರು ಆಡಿದ ಮಾತು: ಯಕೋಬನನ್ನು ಪ್ರೀತಿಸಿದೆ, ಏಸಾವನನ್ನು ದ್ವೇಷಿಸಿದೆ. "ನಾನು ಏಸಾವ. ಹುಟ್ಟುವ ಮೊದಲೇ ತೀರ್ಮಾನ ಆಗಿಹೋಗಿದೆ. ನೀನು ಜಪಸರ ಹಿಡಿದು ಕೂತರೆ ಅದು ಬದಲಾಗುತ್ತಾ?" ಎನ್ನುತ್ತಾನೆ. ಯಾವುದೋ ಪ್ರಾರ್ಥನಾ ಕೂಟದಲ್ಲಿ ಕೇಳಿಸಿಕೊಂಡ ಮಾತಂತೆ. ಅವನು ಹೇಳುವುದೇ ನಿಜವಾಗಿದ್ದರೆ ಎಂಬ ಹೆದರಿಕೆ ಈಗ ತಮಗೂ ಹತ್ತಿದೆ ಎಂದು ಅವರು ಬರೆದಿದ್ದರು. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

*

ತಂಗೀ, ನಿನ್ನ ತಮ್ಮ ಗೆರೆ ಎಳೆದ ಸಾಲು ಶ್ರೀಗ್ರಂಥದಲ್ಲಿ ಇರುವುದೇ. ರೋಮನರಿಗೆ ಬರೆದ ಪತ್ರದ ಒಂಬತ್ತನೆಯ ಅಧ್ಯಾಯ. ಆದರೆ ಅವನು ಓದನ್ನು ಅಲ್ಲಿಗೇ ನಿಲ್ಲಿಸಿದ್ದಾನೆ. ಪೌಲನ ಆ ವಾದ ಶುರುವಾಗುವುದು ಒಂಬತ್ತರಲ್ಲಿ, ಮುಗಿಯುವುದು ಹನ್ನೊಂದರಲ್ಲಿ. ಇಸ್ರಯೇಲ್ ಜನಾಂಗ ಕ್ರಿಸ್ತನನ್ನು ಒಪ್ಪಲಿಲ್ಲವಲ್ಲ, ಹಾಗಾದರೆ ದೇವರು ಕೊಟ್ಟ ಮಾತು ಸುಳ್ಳಾಯಿತೇ ಎಂಬುದು ಅವನ ಸಂಕಟ. ಯಕೋಬ, ಏಸಾವ ಎಂಬ ಹೆಸರು ಅಲ್ಲಿಗೆ ಬಂದದ್ದು ಪ್ರವಾದಿ ಮಲಾಕಿಯ ಮಾತಿನಿಂದ, ಮಲಾಕಿ ಹೇಳುತ್ತಿದ್ದದ್ದು ಎರಡು ಜನಾಂಗಗಳ ವಿಚಾರ. ಹೊಸನಗರದ ಹುಡುಗನೊಬ್ಬ ಸಂಜೆಯಾದರೆ ಬಾರ್ ಕಡೆ ಹೋಗಲೇಬೇಕು ಎಂಬ ಕಟ್ಟಳೆ ಅಲ್ಲಿಲ್ಲ. ಮೂರೂ ಅಧ್ಯಾಯಗಳು ಕೊನೆಗೆ ಬಂದು ನಿಲ್ಲುವುದು ದೇವರು ಎಲ್ಲರಿಗೂ ಕರುಣೆ ತೋರಬೇಕೆಂದಿದ್ದಾರೆ ಎಂಬಲ್ಲಿ. ಕೆಂಪು ಪೆನ್ನಿನಲ್ಲಿ ಆ ಸಾಲಿಗೂ ಒಂದು ಗೆರೆ ಎಳೆಯಲು ಹೇಳು.

ಆ ಒಂಬತ್ತನೆಯ ಅಧ್ಯಾಯದಲ್ಲೇ, ಮಣ್ಣು ತನ್ನನ್ನು ರೂಪಿಸಿದ ಕುಂಬಾರನನ್ನು ಪ್ರಶ್ನಿಸಬಹುದೇ ಎಂಬ ಮಾತೂ ಬರುತ್ತದೆ. ಅವನು ಇವತ್ತಲ್ಲ ನಾಳೆ ಅದನ್ನೂ ಎತ್ತುತ್ತಾನೆ, ಆಗ ಯೆರೆಮೀಯನ ಹದಿನೆಂಟನೆಯ ಅಧ್ಯಾಯ ತೆಗೆದಿಡು. ಅಲ್ಲಿ ಕುಂಬಾರನ ಕೈಯಲ್ಲಿ ಮಡಕೆ ಕೆಡುತ್ತದೆ, ಅವನು ಅದೇ ಮಣ್ಣಿನಲ್ಲಿ ಮತ್ತೊಂದು ಮಾಡುತ್ತಾನೆ. ಹಿಂದೆಯೇ ದೇವರ ಮಾತು: ಕೆಟ್ಟ ಜನ ತಮ್ಮ ದಾರಿ ಬಿಟ್ಟು ತಿರುಗಿದರೆ ನಾನೂ ಮಾಡಬೇಕೆಂದಿದ್ದ ಕೇಡನ್ನು ಬಿಡುತ್ತೇನೆ. ಇನ್ನು ಇಸ್ರಯೇಲರನ್ನು ಬಿಟ್ಟುಕೊಡಲೊಪ್ಪದ ಈಜಿಪ್ಟಿನ ಅರಸ ಫರೋಹ. ದೇವರು ಅವನ ಎದೆ ಕಲ್ಲಾಗಿಸಿದರು ಎಂದು ವಿಮೋಚನಕಾಂಡ ಹೇಳುವುದು ಹೌದು. ಫರೋಹನೇ ತನ್ನ ಎದೆ ಕಲ್ಲು ಮಾಡಿಕೊಂಡ ಎಂದೂ ಅದೇ ಗ್ರಂಥ ಮತ್ತೆ ಮತ್ತೆ ಹೇಳುತ್ತದೆ. ಕಪ್ಪೆಗಳ ಕಾಟ ಕಳೆದು ಸ್ವಲ್ಪ ಉಸಿರಾಡುವಂತಾದ ಕೂಡಲೇ ಅವನು ಮಾಡಿದ್ದು ಅದನ್ನೇ.

ಧರ್ಮಸಭೆ ಈ ವಿಷಯದಲ್ಲಿ ತೂಗುಯ್ಯಾಲೆಯಲ್ಲಿ ಕುಳಿತಿಲ್ಲ. ದೇವರು ಯಾರನ್ನಾದರೂ ಕೇಡಿಗೆಂದೇ ಮೊದಲೇ ನೇಮಿಸಿದ್ದಾರೆ ಎಂಬ ಮಾತನ್ನು 529ರಲ್ಲೇ ಫ್ರಾನ್ಸಿನ ಆರೆಂಜ್‌ನಲ್ಲಿ ಸೇರಿದ ಬಿಷಪರ ಸಭೆ ಧಿಕ್ಕರಿಸಿತು. 1547ರಲ್ಲಿ ಟ್ರೆಂಟ್ ಮಹಾಸಭೆ ಅದನ್ನು ಮತ್ತೆ ಹೇಳಿತು. ಆದಾಮನ ಪಾಪದಿಂದ ಮನುಷ್ಯನ ಇಚ್ಛಾಸ್ವಾತಂತ್ರ್ಯ ಪೂರ್ತಿ ಆರಿಹೋಯಿತು ಎನ್ನುವುದನ್ನೂ ತಳ್ಳಿಹಾಕಿತು. ಧರ್ಮಸಭೆಯ ಬೋಧನೆಯನ್ನೆಲ್ಲ ಸಂಖ್ಯೆ ಹಾಕಿ ಕೊಟ್ಟಿರುವ ಈಗಿನ ಧರ್ಮೋಪದೇಶ ಗ್ರಂಥದ 1037ನೆಯ ಸಂಖ್ಯೆ ಇನ್ನೂ ನೇರ: ದೇವರು ಯಾರನ್ನೂ ನರಕಕ್ಕೆ ಮುಂಚಿತವಾಗಿ ನೇಮಿಸುವುದಿಲ್ಲ. ಹಾಗಾದರೆ ಪೌಲ ಹೇಳುವ ಪೂರ್ವನಿಶ್ಚಯ ಏನಾಯಿತು? ಅದೂ ಇದೆ. 600ನೆಯ ಸಂಖ್ಯೆ ನೋಡು. ದೇವರಿಗೆ ಎಲ್ಲ ಕಾಲವೂ ಈಗಲೇ ಕಣ್ಣೆದುರು. ಅವರ ಅನಾದಿ ಯೋಜನೆಯಲ್ಲಿ ಪ್ರತಿಯೊಬ್ಬನೂ ಅವರ ಕೃಪೆಗೆ ಸ್ವಂತ ಇಚ್ಛೆಯಿಂದ ಕೊಡುವ ಉತ್ತರವೂ ಸೇರಿದೆ ಎನ್ನುತ್ತದೆ.

ದೇವರಿಗೆ ಗೊತ್ತಿದೆ ಎಂದಮೇಲೆ ಹಾಗೇ ಆಗಬೇಕಲ್ಲ ಎಂದು ನಮ್ಮ ಹುಡುಗರು ಧರ್ಮೋಪದೇಶದ ತರಗತಿಯಲ್ಲೂ ಕೇಳುತ್ತಾರೆ. ಅವರಿಗೆ ಹದಿಮೂರನೆಯ ಶತಮಾನದ ದೇವಶಾಸ್ತ್ರಜ್ಞ ಸಂತ ತೋಮಸ್ ಅಕ್ವಿನಾಸರು ಹೇಳಿದ್ದನ್ನೇ ಹೇಳುತ್ತೇನೆ. ದಾರಿಯಲ್ಲಿ ನಡೆಯುವವನಿಗೆ ಹಿಂದೆ ಬರುವವರು ಕಾಣುವುದಿಲ್ಲ, ಎತ್ತರದಲ್ಲಿ ನಿಂತವನಿಗೆ ಇಡೀ ದಾರಿ ಒಟ್ಟಿಗೇ ಕಾಣುತ್ತದೆ. ಆಗುಂಬೆ ಘಾಟಿಯ ನೆತ್ತಿಯಲ್ಲಿ ನಿಂತು ಕೆಳಗಿನ ತಿರುವಿನಲ್ಲಿ ಬರುವ ಬಸ್ಸು ನೋಡುವವನು ಅದರ ಸ್ಟೇರಿಂಗ್ ತಿರುಗಿಸುತ್ತಿಲ್ಲ. ದೇವರು ಬರೀ ನೋಡುತ್ತ ನಿಂತವರಲ್ಲ, ಕೃಪೆಯನ್ನೂ ಕೊಡುತ್ತಾರೆ, ನಿಜ. ಕೃಪೆಯೂ ಇಚ್ಛೆಯೂ ಒಳಗೊಳಗೆ ಹೇಗೆ ಹೊಂದಿಕೊಂಡು ಕೆಲಸ ಮಾಡುತ್ತವೆ ಎಂದು ದೊಮಿನಿಕನ್ನರೂ ಯೇಸುಸಭೆಯವರೂ, ನಮ್ಮವೇ ಎರಡು ಸನ್ಯಾಸಿ ಸಭೆಗಳವರು, ವರ್ಷಗಟ್ಟಲೆ ವಾದಿಸಿದರು. 1607ರಲ್ಲಿ ಐದನೆಯ ಪೌಲ್ ಜಗದ್ಗುರುಗಳು (ಪೋಪ್) ಒಬ್ಬರು ಇನ್ನೊಬ್ಬರನ್ನು ಖಂಡಿಸಕೂಡದೆಂದು ಹೇಳಿ ಎರಡೂ ಪಕ್ಷಕ್ಕೆ ಜಾಗ ಬಿಟ್ಟರು. ಅಷ್ಟು ಓದಿದವರಿಗೇ ಎಟುಕದ್ದನ್ನು ನೀನು ಬಿಡಿಸಬೇಕಾಗಿಲ್ಲ. ನಿನ್ನ ತಮ್ಮ ಕೇಡಿಗೆಂದು ಹುಟ್ಟಿದವನಲ್ಲ, ಇಷ್ಟರಲ್ಲಿ ಮಾತ್ರ ಸಂಶಯ ಬೇಡ.

– ಉಪದೇಶಿ, ತೀರ್ಥಹಳ್ಳಿ

*

ನಾವು ಸಿಎಸ್ಐ (ಪ್ರೊಟೆಸ್ಟೆಂಟ್) ಸಭೆಯವರು. ಕೂಟದಲ್ಲಿ ಕೇಳಿದ ಮಾತು ಎಂದು ಓದಿದಾಗ, ಕಥೋಲಿಕರಲ್ಲದ ನಮ್ಮೆಲ್ಲರ ತಲೆಗೂ ಆ ಮಾತು ಸುತ್ತಿಕೊಳ್ಳಬಹುದೆಂದು ಅನಿಸಿ ಬರೆಯುತ್ತಿದ್ದೇನೆ. ಹದಿನಾರನೆಯ ಶತಮಾನದ ಪ್ರೊಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್‌ನ ಬೋಧನೆ ಈ ವಿಷಯದಲ್ಲಿ ನಿಮ್ಮ ಸಭೆಗಿಂತ ಬಹಳ ಕಠಿಣ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅವನೂ ಅದನ್ನು ಪಾಪಕ್ಕೆ ರಹದಾರಿ ಎಂದು ಕೊಟ್ಟವನಲ್ಲ. ಕೃಪೆ ಹೆಚ್ಚಲಿ ಎಂದು ಪಾಪದಲ್ಲೇ ಇರೋಣವೇ, ಎಂದಿಗೂ ಬೇಡ ಎಂದು ಪೌಲ ರೋಮನರಿಗೆ ಬರೆದ ಅದೇ ಪತ್ರದ ಆರನೆಯ ಅಧ್ಯಾಯದಲ್ಲಿ ಹೇಳುವುದನ್ನು ಯಾವ ಸಭೆಯವರೂ ಬಿಟ್ಟು ಓದುವಂತಿಲ್ಲ. ನಿಮ್ಮ ತಮ್ಮನ ಮಾತು ನಮ್ಮ ಪುಲ್ಪಿಟ್ಟಿನಲ್ಲೂ ನಿಲ್ಲುವುದಿಲ್ಲ.

– ನಿವೃತ್ತ ಶಿಕ್ಷಕ, ಸಾಗರ

*

ಅಕ್ಕಾ, ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಜಪದ ಪ್ರಶ್ನೆ. ತಮ್ಮನ ಬಾಯಿ ಮುಚ್ಚಿಸುವುದು ಹೇಗೆಂದು ನೀವು ಕೇಳಲಿಲ್ಲ. ರಾತ್ರಿ ಜಪಸರ ಕೈಗೆತ್ತಿಕೊಂಡರೆ ಬೆರಳು ಮುಂದಕ್ಕೆ ಹೋಗುವುದಿಲ್ಲ ಎಂದಿರಿ.

ಲೂಕನ ಶುಭಸಂದೇಶದ ಇಪ್ಪತ್ತೆರಡನೆಯ ಅಧ್ಯಾಯ ತೆಗೆಯಿರಿ. ಕೊನೆಯ ಭೋಜನದ ರಾತ್ರಿ. ಕೋಳಿ ಕೂಗುವಷ್ಟರಲ್ಲಿ ನೀನು ಮೂರು ಸಲ ನನ್ನನ್ನು ಅರಿಯೆ ಎನ್ನುತ್ತೀ ಎಂದು ಯೇಸುಸ್ವಾಮಿ ಶಿಷ್ಯ ಪೇತ್ರನಿಗೆ ಹೇಳುತ್ತಾರೆ. ಆಗುವುದು ಅವರಿಗೆ ಖಚಿತವಾಗಿ ಗೊತ್ತು. ಹಾಗಿದ್ದೂ ಅದಕ್ಕೆ ಮುಂಚೆ ಅವರು ಹೇಳಿದ್ದೇನು? ನಿನ್ನ ವಿಶ್ವಾಸ ಕುಂದಬಾರದೆಂದು ನಿನಗಾಗಿ ಪ್ರಾರ್ಥಿಸಿದ್ದೇನೆ, ನೀನು ತಿರುಗಿಕೊಂಡ ಮೇಲೆ ಸೋದರರನ್ನು ಬಲಪಡಿಸು ಎಂದು. ಎಲ್ಲ ಬಲ್ಲವರೇ ಪ್ರಾರ್ಥಿಸಿದರು ಅಕ್ಕಾ! ದೇವರ ಮನಸ್ಸು ತಿರುಗಿಸಲು ನಾವು ಪ್ರಾರ್ಥಿಸುವುದಲ್ಲ, ಪ್ರಾರ್ಥನೆಯ ಮೂಲಕವೇ ಕೊಡಬೇಕೆಂದು ದೇವರು ಇಟ್ಟದ್ದನ್ನು ಪಡೆಯಲು ಪ್ರಾರ್ಥಿಸುತ್ತೇವೆ ಎಂದು ಅಕ್ವಿನಾಸರೂ ಬರೆದಿದ್ದಾರೆ. ನಿಮ್ಮ ಜಪವೂ ಆ ಯೋಜನೆಯ ಒಳಗಿನದೇ.

ಸಂತ ಮೋನಿಕಾ ಮಗ ಆಗಸ್ಟಿನ್‌ಗಾಗಿ ವರ್ಷಾನುಗಟ್ಟಲೆ ಅತ್ತದ್ದು, ಆ ಮಗ 387ರಲ್ಲಿ ಮಿಲಾನಿನಲ್ಲಿ ದೀಕ್ಷಾಸ್ನಾನ ಪಡೆದದ್ದು ನಿಮಗೆ ಗೊತ್ತಿರುತ್ತದೆ. ಅಷ್ಟಾಗಿ ಯಾರೂ ಹೇಳದ ಸಂಗತಿ ಇನ್ನೊಂದಿದೆ, ಆಗಸ್ಟಿನರೇ ಬರೆದಿಟ್ಟಿದ್ದಾರೆ. ಮೋನಿಕಾ ಹುಡುಗಿಯಾಗಿದ್ದಾಗ ಮನೆಯವರು ಪೀಪಾಯಿಯಿಂದ ದ್ರಾಕ್ಷಾರಸ ತರಲು ಕಳಿಸುತ್ತಿದ್ದರು. ಮೊದಲು ತುಟಿಗೆ ಹನಿ, ಆಮೇಲೆ ದಿನಕ್ಕಿಷ್ಟು ಎಂದು ಹೆಚ್ಚಿ, ಕೊನೆಗೆ ತುಂಬಿದ ಬಟ್ಟಲು ಆಸೆಯಿಂದ ಕುಡಿಯುವ ಮಟ್ಟಕ್ಕೆ ಬಂದಳು. ಒಂದು ದಿನ ಜೊತೆಗಿದ್ದ ಕೆಲಸದ ಹುಡುಗಿ ಜಗಳದಲ್ಲಿ ಕುಡುಕಿ ಎಂದು ಚುಚ್ಚಿದಳು. ಮೋನಿಕಾಗೆ ನಾಚಿಕೆಯಾಯಿತು, ಆ ಕ್ಷಣಕ್ಕೇ ಬಿಟ್ಟಳು. ಕೆಲಸದ ಹುಡುಗಿ ಆಡಿದ್ದು ನೋಯಿಸಲೆಂದೇ. ಅದರಿಂದಲೇ ದೇವರು ವಾಸಿಮಾಡಿದರು ಎನ್ನುತ್ತಾರೆ ಆಗಸ್ಟಿನ್. ಬಿಟ್ಟವಳು ಮೋನಿಕಾ, ಬಿಡಿಸಿದವರು ದೇವರು. ಆಗಸ್ಟಿನ್ ಎರಡನ್ನೂ ಹೇಳುತ್ತಾರೆ, ಒಂದನ್ನು ಅಳಿಸಿ ಇನ್ನೊಂದನ್ನು ಬರೆಯುವುದಿಲ್ಲ.

– ಗೃಹಿಣಿ, ಶಿವಮೊಗ್ಗ

*

ನಾನು ನರ್ಸ್. ಕುಡಿತ ಬಿಡಲು ಬಂದವರ ಹಾಸಿಗೆಯ ಪಕ್ಕ ರಾತ್ರಿಪಾಳಿ ಮಾಡಿದವಳು. ದೇವಶಾಸ್ತ್ರ ಬಲ್ಲವರು ಬರೆಯಲಿ, ನನ್ನದು ಬೇರೆ ಮಾತು.

ನನ್ನ ಕೈಲಿಲ್ಲ ಎಂದು ನಿಮ್ಮ ತಮ್ಮ ಹೇಳುವುದರಲ್ಲಿ ಒಂದು ಪಾಲು ನಿಜವಿದೆ. ಏಸಾವನ ಕಾರಣಕ್ಕಲ್ಲ, ಚಟದ ಕಾರಣಕ್ಕೆ. ರೂಢಿ, ಭಯ, ಮನಸ್ಸಿನ ಸ್ಥಿತಿ ಇವುಗಳಿಂದ ಮನುಷ್ಯನ ಹೊಣೆ ತಗ್ಗಬಹುದು, ಇಲ್ಲದೆಯೂ ಹೋಗಬಹುದು ಎಂದು ಧರ್ಮೋಪದೇಶ ಗ್ರಂಥವೇ 1735ನೆಯ ಸಂಖ್ಯೆಯಲ್ಲಿ ಹೇಳುತ್ತದೆ. ಆದ್ದರಿಂದ ಮನಸ್ಸು ಮಾಡಿದರೆ ನಾಳೆಯೇ ಬಿಡಬಹುದು ಎಂದು ಅವನನ್ನು ಹಂಗಿಸಬೇಡಿ. ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಬೆವರು ಶುರುವಾಗಿ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಬಹುದು, ಜೀವಕ್ಕೂ ಅಪಾಯ. ಮನೆಯಲ್ಲಿ ಕೂಡಿಹಾಕಿ ಬಿಡಿಸಲು ಹೋಗಲೇಬೇಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆತನ್ನಿ. ಅಷ್ಟು ದೂರ ಈಗಲೇ ಬರಲು ಅವನು ಒಪ್ಪದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ನೀವೇ ಫೋನ್ ಮಾಡಿ, ದುಡ್ಡು ಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಮಾತಾಡುವುದಾದರೆ ಬೆಳಿಗ್ಗೆ ಮಾತಾಡಿ, ಅಮಲು ಇಳಿದಿರುವಾಗ. ಬಿಡುತ್ತೀಯಾ ಇಲ್ಲವಾ ಎಂಬ ದೊಡ್ಡ ಪ್ರಶ್ನೆ ಬೇಡ. ಸೋಮವಾರದ ಬಸ್ಸಿಗೆ ನನ್ನ ಜೊತೆ ಶಿವಮೊಗ್ಗಕ್ಕೆ ಬರುತ್ತೀಯಾ ಎಂದು ಕೇಳಿ. ಅಷ್ಟಕ್ಕೆ ಹೂಂ ಎನ್ನುವ ಶಕ್ತಿ, ನಾನು ಕಂಡಂತೆ, ಬಹಳ ಜನರಲ್ಲಿ ಉಳಿದಿರುತ್ತದೆ. ಇಲ್ಲ ಎಂದರೆ ಮುಂದಿನ ಸೋಮವಾರ ಮತ್ತೆ ಕೇಳಿ.

– ನರ್ಸ್, ಭದ್ರಾವತಿ